ಒಣಗದ ಬೆಂಡು

...ಸಲೀಂ ಹಂಗಂದನಾ? "ಪಂಚಾಕ್ಷರಪ್ಪನ್ನೇ ಹೋಗಿ ಕೇಳು" ಅಂದನಾ? ಮತ್ತೇನೂ ಅನ್ಲಿಲ್ವಾ... ಅತ್ನಾ? ಹೂಂ. ಅವನು ಮೊದಲಿಂದ ಹಂಗೇ ಕಣವ್ವ, ಸಂತೇಲಿ ಕುರಿ ಮಾರಿದ್ರೂ ಅಳೋ ಗಿರಾಕಿ. ಬಾ, ಬಿಸಿಲಾಗೆ ನಿಂತ್ಕಬ್ಯಾಡ, ಜಗಲಿ ಮ್ಯಾಲೆ ಕುಂತ್ಕ. ಬಾಗೂರಿಂದ ನಡ್ಕಂಡೇ ಬಂದ್ಯಾ? ಒಬ್ಳೇನಾ? ನಮ್ಮನೆಯೋಳು ಸಿದ್ದಕ್ಕ ಹೊಲಕ್ಕೆ ಹೋಗವಳೆ. ಮಜ್ಜಿಗೆ ಐತೆ, ತಡಿ, ನಾನೇ ತರ್ತೀನಿ.

ತಗ. ಕುಡಿ. ಏನು ನೋಡ್ತಿ? ಓ, ಅಂಗಳಾನಾ. ಒಣ ಹಾಕಿದೀನಿ. ಕಂಬಳಿ, ಕೌದಿ, ನನ್ನ ಅಂಗಿ, ಬಾವಿ ಹಗ್ಗಾನೂ ಸೈತ. ಸಿದ್ದಕ್ಕ ಬೈತಾಳೆ, ಮಳೆ ಇಲ್ಲ ಮಂಜಿಲ್ಲ, ಒಣಗಿರೋದ್ನೇ ಎಷ್ಟು ಸಲ ಒಣಗಿಸ್ತಿಯಾ ಅಂತ. ನಮ್ಮೂರು ಮತ್ತೋಡಿನ ಜನ ಎಲ್ಲ ನಗ್ತಾರೆ. ನಗ್ಲಿ ಬಿಡು. ಬೆಳಿಗ್ಗೆ ಎದ್ರೆ ನಂಗೆ ಎಲ್ಲಾನೂ ತೇವ ಅನ್ಸುತ್ತೆ. ಎದೆ ಮುಟ್ಟಿ ನೋಡ್ಕತೀನಿ, ಇಲ್ಲಿ, ಈ ಜಾಗ... ಹಸಿ. ನಾಲಿಗೆಗಿಟ್ರೆ ಉಪ್ಪು. ಬೆವರೇ ಇರ್ಬೇಕು. ಬೆವರೂ ಉಪ್ಪೇ ಅಲ್ವಾ.

ಅಂಗಿ ಇಲ್ಲದೆ ಕುಂತವನೆ ಅಂತ ತಪ್ಪು ತಿಳ್ಕಬ್ಯಾಡ, ಈ ವಲ್ಲಿ ಹೊದ್ಕಂಡಿದೀನಲ್ಲ.

ನೀನು ಯಾಕೆ ಬಂದಿದೀಯ ಅಂತ ಗೊತ್ತು ಕಣೆ ಮಂಗಳವ್ವ. ಮೊನ್ನೆ ನಿಮ್ಮಣ್ಣ ಬಂದಿದ್ದ. ಸೋಮವಾರ ಮಠದಾಗೆ ಹಿರೇರು ಸೇರ್ತಾರಂತೆ. ಹೊಳಲ್ಕೆರೆ ಶಿವಕುಮಾರಪ್ಪ, ಹೆಂಡ್ತಿ ಸತ್ತೋನು, ನಿಂಗೆ ಸೀರೆ ಉಡಿಸಿ ಕೂಡಿಕೆ ಮಾಡ್ಕಳಕ್ಕೆ ಒಪ್ಪವನಂತೆ. ಒಳ್ಳೇನೇ ಅವನು, ನಾನು ಬಲ್ಲೆ. ಆದ್ರೆ ಮೊದಲನೇ ಗಂಡ ಬದುಕಿದ್ರೆ ಆಗಲ್ಲ, ಸತ್ತಿದ್ರೆ ಆಗುತ್ತೆ. ಮುರುಗಪ್ಪನ ಜತೆ ಕಡೇಗಿದ್ದೋನು ನಾನು. ಅದಕ್ಕೆ ನಾನು ಬಂದು ಲಿಂಗ ಮುಟ್ಟಿ ಹೇಳ್ಬೇಕಂತೆ, ಇದಾನೋ ಇಲ್ವೋ ಅಂತ. ನಿಮ್ಮಣ್ಣಂಗೆ ಏನಂದೆ ಗೊತ್ತಾ? ಬದುಕಿರೋನ್ನ ಸತ್ತ ಅಂತ ಹೆಂಗೆ ಹೇಳ್ಲಪ್ಪ, ಬಾಯಿಗೆ ಹುಳ ಬೀಳುತ್ತೆ ಅಂದೆ. ಎದ್ದು ಹೋದ. ಮಜ್ಜಿಗೆ ಸೈತ ಕುಡೀಲಿಲ್ಲ. ನೀನಾದ್ರೂ ಕುಡಿಯವ್ವ.

ಮೊದಲಿಂದ ಹೇಳ್ಬೇಕಾ? ಎಷ್ಟು ಸಲ ಕೇಳಿದೀಯ. ವರ್ಷಾವರ್ಷ ಶಿವರಾತ್ರಿಗೆ ನಿಮ್ಮನೆ ಜಗಲಿ ಮ್ಯಾಲೆ ಕುಂತು ಹೇಳಿಲ್ವಾ... ಆಯ್ತು. ಆಯ್ತು ಹೇಳ್ತೀನಿ. ಹಂಗೆ ದಿಟ್ಟಿಸಬ್ಯಾಡ ಮತ್ತೆ.

ಮಾರಿಕಣಿವೆ ಕಟ್ಟೆ ತುಂಬಿದ್ದೇ ಇಷ್ಟಕ್ಕೆಲ್ಲ ಮೂಲ. ಮೊಣಕಾಲುದ್ದ ನೀರು ಕಂಡ್ರೆ ಕೈ ಮುಗಿಯೋ ಸೀಮೆ ನಮ್ದು. ಅಷ್ಟು ನೀರು ಒಂದೇ ಕಡೆ ನಿಂತಿದ್ದು ನೋಡಿ ನಮ್ಮ ಮೂವರಿಗೂ ತಲೆ ತಿರುಗ್ತು. ನಾನು, ನಿನ್ನ ಗಂಡ, ಡೇರೆ ಹೊಲಿಯೋರ ಮನೆ ಸಲೀಂ. ತೆಪ್ಪ ಕಟ್ಟಾಣ ಕಣ್ರೋ ಅಂದ ಮುರುಗಪ್ಪ. ಹರಿಗೋಲಿಗೆ ಚರ್ಮ ಬೇಕು. ಲಿಂಗ ಕಟ್ಟಿರೋರು ನಾವು, ಚರ್ಮದ ಮ್ಯಾಲೆ ಕುಂತು ತೇಲಿದ್ರೆ ಊರಾಗೆ ಬಿಟ್ಕಂತಾರಾ? ಆಗ ಹೊಳೀತು ನೋಡು, ಕತ್ತಾಳೆ. ಬೇಲಿ ತುಂಬ ಅದೇ. ಒಂದು ಸಲ ಹೂ ಬಿಟ್ಟು ಗಿಡ ಸಾಯುತ್ತೆ, ನಡುವಿನ ಕಂಬ ಒಣಗಿ ಬೆಂಡಾಗುತ್ತೆ, ಆಳುದ್ದದ್ದನ್ನ ಒಂದೇ ಕೈಲಿ ಎತ್ತಬೋದು. ನಮ್ಮ ಕಡೆ ಹುಡುಗ್ರೆಲ್ಲ ಅದ್ನೇ ಸೊಂಟಕ್ಕೆ ಕಟ್ಕಂಡು ಈಜು ಕಲ್ತೋರು. ಅದರ ಕಂಬ, ಅದರದ್ದೇ ನಾರಿನ ಹಗ್ಗ, ಸಲೀಂ ಹೊಲಿದ ಹಾಯಿ. ಮೂರು ಕಾಸು ಖರ್ಚಿಲ್ಲ. ಕಡಿಯಕ್ಕೆ ನೀನೂ ಬಂದಿದ್ದೆ, ಮುಳ್ಳು ಚುಚ್ಚಿಸ್ಕಂಡು ನಮ್ಮ ಮೂವರ ವಂಶಾನೂ ಜಾಲಾಡಿದ್ದೆ.

ನಗು ಬಂತಾ? ಹಂಗೆ ಒಂದ್ಸಲ ನಗು. ಮುರುಗಪ್ಪಂಗೆ ನಿನ್ನ ಆ ಬೈಗುಳ ಅಂದ್ರೆ ಪಂಚಪ್ರಾಣ.

ಕಟ್ಟೆ ನೀರು ದಾಟಿದ್ವಿ. ಹೊತ್ತು ಹುಟ್ಟಿದ ಮ್ಯಾಲೆ ಹೊರಟು ಉಣ್ಣೋ ಹೊತ್ತಿಗೆ ಆಚೆ ದಡ. ಆಚೆ ದಡದಾಗೆ ತೆಪ್ಪ ಎಳೆದು ಬಿಸಿಲಿಗೆ ಹಾಕಿ ನಿದ್ದೆ ಹೊಡೆದ್ವಿ. ಮಾರನೇ ದಿನ ವಾಪಸ್. ಜನ ಸೇರಿದ್ರು ನೋಡು, ದಂಡಿಗೆ ದಂಡೇ. ಯಾರೋ ಪುಣ್ಯಾತ್ಮ ಅಂದ, "ಇವರು ಸಮುದ್ರಾನೂ ದಾಟೋರೇ ಬಿಡಪ್ಪ." ಹಾಳಾದೋನು. ಅವನು ಅಂದು ಮನೆಗೆ ಹೋಗಿ ಉಂಡು ಮಲಗಿದ. ಮುರುಗಪ್ಪ ಮಲಗ್ಲಿಲ್ಲ. "ಪಂಚಾಕ್ಷರಿ, ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಾಣ ಕಣೋ, ನೆಲದ ಮ್ಯಾಲಲ್ಲ, ನೀರಿನ ಮ್ಯಾಲೆ. ನಮ್ಮ ಬಯಲುಸೀಮೇಲಿ ಹಂಗೆ ಹೋದೋನು ಒಬ್ಬ ಅವನಾ?" ಅಂದ. ನಾನೇನು ಕಮ್ಮಿ? ಹೂಂ ಅಂದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂತಾರಲ್ಲ, ಇಲ್ಲಿ ಎಲ್ರಿಗೂ ಜ್ವರಾನೇ.

ಶಿವಮೊಗ್ಗ ಹಾದು, ಘಟ್ಟ ಇಳಿದು, ಹೊನ್ನಾವರಕ್ಕೆ ಗಾಡೀಲಿ ತೆಪ್ಪ ಹೊತ್ತು ಹೋದ್ವಿ. ನೀನು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿ ಕೊಟ್ಟಿದ್ದೆ, ಕುಡಿಯೋ ನೀರಿಗೆ ಆ ತಾಮ್ರದ ಕೊಡ. ಆ ಊರಿನ ಮೀನು ಹಿಡಿಯೋರು ತೆಪ್ಪ ಮುಟ್ಟಿ ಮುಟ್ಟಿ ನೋಡಿ ನಕ್ರು. ನಾವೂ ನಕ್ವಿ. ಕಾಯಿ ಒಡೆದು ವಿಭೂತಿ ಇಟ್ಟು ಬೆಳಗಿನ ಗಾಳಿಗೆ ಹಾಯಿ ಬಿಚ್ಚಿದ್ವಿ. ಮಂಗಳವ್ವ, ಅವನ ಮುಖ ನೀನು ನೋಡ್ಬೇಕಿತ್ತು. ಗಾಡಿ ಹೊಡೆಯೋನಂಗೆ "ಹೋ, ಹೋ" ಅಂತ ಸಮುದ್ರಾನೇ ಹೊಡ್ಕಂಡು ಹೋಗ್ತಿದ್ದ. ಬೊಗಸೇಲಿ ನೀರೆತ್ತಿ ಬಾಯಿಗೆ ಹಾಕ್ಕಂಡು ಉಗಿದ. "ಥೂ, ಇಷ್ಟು ನೀರಿಟ್ಕಂಡು ಒಂದು ಗುಟುಕು ಕೊಡಲ್ಲ, ಜಿಪುಣ" ಅಂದ. ದಡ ಒಂದು ಕಪ್ಪು ಗೆರೆ ಆಯ್ತು. ಆಮೇಲೆ ಅದೂ ಇಲ್ಲ. ಬಲಗಡೆ ದಡ ಇಟ್ಕಂಡು ಹೋಗಾಣ ಅಂತಿದ್ವಲ್ಲ, ಬಲಗಡೇನೂ ನೀರೇ, ಎಡಗಡೇನೂ ನೀರೇ.

ಹೊತ್ತು ಮುಳುಗ್ತು. ಪಾದ ಒದ್ದೆ ಆಯ್ತು.

ಒಂದು ಮಾತು ಕೇಳ್ತೀನಿ. ಕೆರೇಲಿ ಈಜಿ ಬಂದ ಹುಡುಗ್ರು ಬೆಂಡನ್ನ ಏನ್ಮಾಡ್ತಾರೆ? ಏರಿ ಮ್ಯಾಲೆ ಒಣ ಹಾಕ್ತಾರೆ. ನಮ್ಮಜ್ಜಿ ಕೋಲು ಹಿಡ್ಕಂಡು ಕೂರೋಳು, ಒಣಗದ ಬೆಂಡು ಕಟ್ಕಂಡು ನೀರಿಗಿಳಿದ್ರೆ ಕಾಲು ಮುರೀತೀನಿ ಅಂತ. ಬೆಂಡು ನೀರು ಕುಡಿಯುತ್ತೆ ಅಂತ ನಮ್ಮ ಸೀಮೆ ಕೂಸಿಗೂ ಗೊತ್ತು. ನಮಗೂ ಗೊತ್ತಿತ್ತು. ಕಟ್ಟೆ ದಾಟಿದ ದಿನ ಆಚೆ ದಡದಾಗೆ ಒಣಗಿಸ್ಲಿಲ್ವಾ? ಕೈ ತಾನಾಗೇ ಮಾಡೋ ಕೆಲಸ ಅದು, ತಲೆವರೆಗೆ ಹೋಗಲ್ಲ. ಸಮುದ್ರದಾಗೆ ಏರಿ ಎಲ್ಲೈತೆ, ಎಲ್ಲಿ ಎಳೆದು ಒಣಗಿಸ್ತೀವಿ... ಮೂರು ಜನದಾಗೆ ಒಬ್ರಾದ್ರೂ ಕೇಳ್ಕಳ್ಲಿಲ್ಲ ಕಣವ್ವ. ಒಬ್ರೂ.

ಕತ್ತಲಾದಂಗೆ ತೆಪ್ಪ ನೀರು ಕುಡೀತಾ ಹೋಯ್ತು. ಪಾದ, ಮೊಣಕಾಲು, ಸೊಂಟ. ಸದ್ದಿಲ್ಲ. ಚೂರು ಸದ್ದಿಲ್ಲ. ಆ ಸದ್ದಿಲ್ಲದ್ದೇ ಈಗ್ಲೂ ಕೇಳುತ್ತೆ ನಂಗೆ.

ಆಗ ಹಡಗು ಬಂತು. ದೊಡ್ಡ ಹಾಯಿ ಹಡಗು, ಮುಂಬೈ ಕಡೇದು. ನಡುರಾತ್ರೀಲಿ ದೀಪ ಕಾಣ್ತು, ಕೂಗಿದ್ವಿ, ಹಗ್ಗ ಎಸೆದ್ರು. ಮುರುಗಪ್ಪ ಹತ್ರ ಇದ್ದ, ಹಿಡ್ಕಂಡು ಹತ್ತಿದ... ಏನು? ಹೋದ ಸಲ ಬೆಳಗಿನ ಜಾವ ಅಂದಿದ್ನಾ? ಇದ್ರೂ ಇರ್ಬೋದು. ಸಮುದ್ರದಾಗೆ ಕೋಳಿ ಕೂಗುತ್ತಾ, ಹೊತ್ತು ಹೆಂಗೆ ಗೊತ್ತಾಗ್ಬೇಕು. ಹತ್ತಿದ. ಅಷ್ಟರಾಗೆ ಗಾಳಿ ಬಿತ್ತು, ಹಡಗು ದೂರ ಆಯ್ತು. ಮ್ಯಾಲಿಂದ ಕೂಗ್ದ, "ಮಂಗಳಂಗೆ ಹೇಳೋ, ಬರ್ತೀನಿ ಅಂತ." ನಮ್ಮಿಬ್ರನ್ನ ಬೆಳಿಗ್ಗೆ ಮೀನು ದೋಣಿಯೋರು ಎತ್ತಿದ್ರು. ಇಷ್ಟೇ. ಅವನು ಮುಂಬೈನಾಗೆ ಅವನೆ. ಹತ್ತಿ ವ್ಯಾಪಾರದ ಕಾಟಲಿಂಗಪ್ಪ ನೋಡ್ಕಂಡು ಬಂದೆ ಅಂದ್ನಲ್ಲ. ಹೋದ ವರ್ಷ ನಿಂಗೆ ಸೀರೆ ಕಳಿಸಿರ್ಲಿಲ್ವಾ?

ಯಾಕೆ ನಗ್ತಿ?

ಈಗ ನಕ್ಕಿದ್ದು ಆಗ ನಕ್ಕಂಗಿಲ್ಲ. ಸೀರೆಗೇನಾಗಿತ್ತು... ಅಂಚಾ? ಅಂಚು ನೋಡಿದ್ಯಾ. ಇಲ್ಲೇ ನಮ್ಮ ಸೀಮೆ ಮೊಳಕಾಲ್ಮೂರ ಸೀರೆ ಅಂತ ಅವತ್ತೇ ಗೊತ್ತಾಯ್ತಾ ನಿಂಗೆ? ಗೊತ್ತಿದ್ದೂ ಉಟ್ಕಂಡ್ಯಾ? ... ಮುಂಬೈನಾಗೂ ಮೊಳಕಾಲ್ಮೂರ ಸೀರೆ ಸಿಗ್ತಾವೆ ಕಣವ್ವ. ಸಿಗ್ತಾವೆ. ಯಾಕೆ ಸಿಗಬಾರ್ದು.

ನೀನು ಹಾಲುರಾಮೇಶ್ವರಕ್ಕೆ ಹೋಗಿದ್ದೆ ಅಂತ ಕೇಳಿದೆ. ಆ ಕೊಳದಾಗೆ ಬೇಡ್ಕಂಡ್ರೆ ಗಂಗಮ್ಮ ತಾಯಿ ಒಳಗಿಂದ ಪ್ರಸಾದ ತೇಲಿಸಿ ಕೊಡ್ತಾಳೆ ಅಂತಾರಲ್ಲ. ಏನು ಕೊಟ್ಳು? ... ಏನೂ ಇಲ್ವಾ? ಸಂಜೆವರೆಗೂ ಕುಂತಿದ್ರೂ? ಬಿಡವ್ವ, ನೀರು ತಗಂಡಿದ್ದನ್ನೆಲ್ಲ ವಾಪಸ್ ಕೊಡಲ್ಲ...

ಅಂದ್ರೆ, ನಾನಂದಿದ್ದು ಹಂಗಲ್ಲ. ಮಾತಿಗೆ ಅಂದೆ. ನೀನು ಮಾತು ಹಿಡಿಯೋಳು.

ಎಲ್ಲಿ, ಮಜ್ಜಿಗೆ ಹಂಗೇ ಐತಲ್ಲ. ಕೊಡು, ಇನ್ನೊಂದು ಹರಳು ಉಪ್ಪು ಹಾಕಿ... ಏನು? ನನ್ನ ಕುತ್ತಿಗೆ ಯಾಕೆ ನೋಡ್ತಿ? ಈ ವಲ್ಲಿ ಒಂದು, ಬಗ್ಗಿದ್ರೆ ಜಾರುತ್ತೆ. ಶಿವದಾರ ಕಣವ್ವ. ನಿಂಗಿಲ್ವಾ, ನಮಗೆಲ್ಲ ಇರೋದೇ.

ಎರಡು. ಹೂಂ, ಎರಡು ಐತೆ. ಒಂದು ಹಳೇದು. ಹೊಸಾದು ಹಾಕ್ಕಂಡು ಹಳೇದು ತೆಗಿಯೋದು ಮರ್ತೆ... 

ಏನಾದ್ರೂ ಮಾತಾಡವ್ವ. ಬೈಯ್ಯಿ. ವಂಶ ಜಾಲಾಡು. ಹಿಂಗೆ ಸುಮ್ನೆ ನೋಡಬ್ಯಾಡ, ನೀನು ಸುಮ್ನಿದ್ರೆ ಆ ರಾತ್ರಿ ಇದ್ದಂಗೇ ಆಗುತ್ತೆ.

...ಲಿಂಗದ ಬೆಳ್ಳಿ ಕರಡಿಗೆ. ಮದುವೇಲಿ ನಿಮ್ಮಪ್ಪ ಅಳಿಯಂಗೆ ಕೊಟ್ಟಿದ್ದು. ಮೂಲೇಲಿ ತಗ್ಗು ಐತೆ, ನೀನೇ ಒಂದ್ಸಲ ಕಲ್ಲಿನ ಮ್ಯಾಲೆ ಬೀಳಿಸಿದ್ದಂತೆ, ಅವನು ಹೇಳಿದ್ದ. ನಿಂಗೆ ಗುರ್ತು ಸಿಗದೆ ಇರುತ್ತಾ. ಲಿಂಗ ಕಟ್ಟಿರೋನು ಉಸಿರಿರೋ ತನಕ ಅದನ್ನ ಮೈಯಿಂದ ದೂರ ಮಾಡಲ್ಲ. ಮುಂಬೈಗೆ ಹೋಗೋನು ಇದನ್ನ ನನ್ನ ಕುತ್ತಿಗೇಲಿ ಬಿಟ್ಟು ಹೋಗ್ತಾನಾ.

ಹಡಗು ಬರ್ಲಿಲ್ಲ ಕಣವ್ವ. ಯಾವ ಹಡಗೂ ಬರ್ಲಿಲ್ಲ.

ಎದೆಮಟ ನೀರು. ಮುರುಗಪ್ಪ ಒಂದು ಕಂಬಾನ ಮುಷ್ಟೀಲಿ ಹಿಂಡಿ ನೋಡಿದ, ನೆಂದ ರೊಟ್ಟಿ ಹಿಂಡಿದಂಗೆ ನೀರು ಇಳೀತು. "ಮೂರು ಜನಾನ ಹೊರಲ್ಲ ಕಣ್ರೋ ಇದು. ಇಬ್ರನ್ನ ಹೊರಬೋದು" ಅಂದ. ಸುಮ್ನಿರೋ ಅಂದೆ. ಸಲೀಂ ಅವನ ದೇವ್ರನ್ನ ಕರೀತಿದ್ದ. ಯಾವಾಗ್ಲೋ ಕಣ್ಣು ಹತ್ತಿತು. ಬೆಳಕು ಹರಿದಾಗ ತೆಪ್ಪ ಚೂರು ಮ್ಯಾಲೆದ್ದಿತ್ತು, ನೀರು ಸೊಂಟಕ್ಕಿಳಿದಿತ್ತು. ನಂಗೆ ಮೊದಲು ಖುಷಿ ಆಯ್ತು ಮಂಗಳವ್ವ. ದೇವ್ರಾಣೆ, ಮೊದಲು ಖುಷಿ ಆಯ್ತು. ಆಮೇಲೆ ಕುತ್ತಿಗೇಲಿ ಏನೋ ಭಾರ ಅನ್ನಿಸ್ತು. ಮುಟ್ಟಿ ನೋಡಿದೆ.

ಸಲೀಂ ಕೈಲಿ ನಾನೇ ಆಣೆ ಹಾಕಿಸ್ದೆ, ಹೇಳಬ್ಯಾಡ ಅಂತ. ಸತ್ತೋರ ಕೈಯಾಗೆ ಲಿಂಗ ಇಟ್ಟು ಮಣ್ಣು ಮಾಡೋರು ನಾವು. ಇಲ್ಲಿ ಲಿಂಗ ಐತೆ, ಕೈ ಇಲ್ಲ. ಹೆಂಗೆ ಮಣ್ಣು ಮಾಡ್ಲಿ? ದಿನಾ ಬೆಳಿಗ್ಗೆ ಎರಡಕ್ಕೂ ಪೂಜೆ ಮಾಡ್ತೀನಿ, ಒಂದಕ್ಕೆ ನಾನು, ಇನ್ನೊಂದಕ್ಕೆ ಅವನ ಬದಲಿಗೆ ನಾನು. ಪೂಜೆ ನಡೀತಿದ್ರೆ ಅವನು ಎಲ್ಲೋ ಅವನೆ ಅನ್ಸೋದು. ನಾನು ಬಾಯಿ ಬಿಟ್ಟು ಸತ್ತ ಅಂದ ದಿನ ಸಾಯ್ತಾನೆ ಅನ್ಸೋದು. ನೀನು ಅಲ್ಲಿ ಬಾಗಿಲು ಕಾಯ್ಕಂಡು ಸವೀತಿದೀಯ ಅಂತ... ಗೊತ್ತಿತ್ತು. ಗೊತ್ತಿದ್ದೂ ಸೀರೆ ತಂದೆ.

ಅಂಗೈ ಚಾಚಿದೀಯಾ. ತಗ. ತಲೆ ಮ್ಯಾಲಿಂದ ತೆಗೀತೀನಿ, ಗಂಟು ಬಿಚ್ಚಲ್ಲ. ಅವನು ಹಾಕಿದ ಗಂಟದು, ತೆಪ್ಪಕ್ಕೆ ಹಾಕಿದ್ದಂಥದ್ದೇ. ಇಷ್ಟು ವರ್ಷ ನಾನು ಬಿಚ್ಚಿಲ್ಲ.

ಎಲ್ಲಿಗೆ ಎದ್ದೆ? ಆ ಗುದ್ದಲಿ ಯಾಕೆ... ಓ.

ತಡಿಯವ್ವ, ಮಠದ ಅಯ್ನೋರನ್ನ ಕರೆಸಾಣ, ನಿಮ್ಮಣ್ಣ ಬರ್ಲಿ. ತಡಿಯಲ್ವಾ. ಸರಿ, ತಗಂಡು ಹೋಗು. ನಿಮ್ಮ ಹೊಲದಾಗೇನಾ? ಹೂಂ, ಅವನ ಹೊಲದಾಗೇ ಮಣ್ಣಾಗ್ಲಿ. ಸೋಮವಾರ ಮಠಕ್ಕೆ ಬರ್ತೀನಿ. ಲಿಂಗ ಮುಟ್ಟಿ ಹೇಳ್ತೀನಿ. ಈಗ ಮುಟ್ಟಕ್ಕೆ ನಂದೊಂದೇ ಐತಲ್ಲ.

ಮಂಗಳವ್ವ, ಒಂದು ಗಳಿಗೆ. ಹಳ್ಳದ ಕಡೆ ಬ್ಯಾಡ. ಮ್ಯಾಲೆ, ದಿಬ್ಬದ ಮಗ್ಗುಲಿಗೆ ತೋಡು. ಒಣಗಿರೋ ಮಣ್ಣು ನೋಡಿ ತೋಡವ್ವ.