ಮಧ್ಯಾಹ್ನದ ನಡುಕ

ಹರಪನಹಳ್ಳಿ ಬಸ್ ನಿಲ್ದಾಣದಲ್ಲಿ ಅಕ್ಕ ತಂಗಿ ಇಬ್ಬರು ಕೊಟ್ಟೂರಿನ ಬಸ್ಸಿಗೆ ಕಾಯುತ್ತಿದ್ದರು. ಪಕ್ಕದಲ್ಲಿದ್ದ ನಾನು ಪೇಪರ್ ಓದುವವನ ಹಾಗೆ ಕೂತೆ.

"ನಿನ್ನೆ ಮಂಡಿಯಾಗ ಮೆಕ್ಕಿಜೋಳದ ಚೀಲ ಹೊರೋವಾಗ ಬಿದ್ದಾರ, ಅಕ್ಕ. ಮೈಯೆಲ್ಲ ನಡುಕ, ಬೆವರು. ಮಾತೂ ತೊದಲಿತಂತ."

"ಕುಡದು ಬಿದ್ದಿರ್ತಾನ ಬಿಡು ನಿನ್ನ ಗಂಡ."

"ಬಾಯಿ ಮೂಸಿ ನೋಡೀನಿ. ವಾಸನಿ ಇಲ್ಲ. ರಕ್ತದಾಗ ಸಕ್ಕರಿ ಕಮ್ಮಿ ಆಗೇತಿ ಅಂದ್ರು ಡಾಕ್ಟ್ರು."

"ಅದು ಸಕ್ಕರಿ ಕಾಯಿಲಿ ಗುಳಿಗಿ ನುಂಗೋರಿಗೆ ಆಗೋದು. ಇವನಿಗೆ ಆ ಕಾಯಿಲಿನೇ ಇಲ್ಲಲ್ಲ!"

"ನಾನೂ ಅದನ್ನೇ ಕೇಳ್ದೆ. ಹೊಟ್ಟಿಗಿಲ್ದಂಗ ದುಡಿದ್ರೂ ಒಬ್ಬೊಬ್ಬರಿಗೆ ಆಗ್ತೈತಂತ. ಸಕ್ಕರಿ ನೀರು ಕುಡಿಸಿದ ಮ್ಯಾಲೆ ಎದ್ದು ಕುಂತ್ರು."

"ಹೊಟ್ಟಿಗಿಲ್ದಂಗ? ನೀ ಬುತ್ತಿ ಕಟ್ಟಂಗಿಲ್ಲೇನು?"

"ದಿನಾ ಕಟ್ತೀನಿ. ಡಬ್ಬಿ ಖಾಲಿನೇ ಬರ್ತೈತಿ. ಚೊಲೋ ತೊಳದು ತರ್ತಾರ."

ಅಕ್ಕ ತಂಗಿಯ ಮುಖವನ್ನೇ ನೋಡಿದಳು.

"ನಿನ್ನ ಗಂಡ ಮನ್ಯಾಗ ಯಾವತ್ತರ ತಾನು ಉಂಡ ತಾಟು ತೊಳದಾನೇನು?"

"ಎಲ್ಲೀದು? ಉಂಡ ತಾಟು ಅಲ್ಲೇ ಬಿಟ್ಟು ಏಳ್ತಾರ."

"ಹಂಗಾದ್ರ ಆ ಡಬ್ಬಿ ಉಂಡು ತೊಳಿಯೋರು ಯಾರು? ಇವತ್ತೂ ಬುತ್ತಿ ಒಯ್ದಾನೇನು?"

"ಒಯ್ದಾರ. ರೊಟ್ಟಿ, ಶೇಂಗಾ ಚಟ್ನಿ."

ಕೊಟ್ಟೂರಿನ ಬಸ್ಸು ಬಂತು. ಅಕ್ಕ ಹತ್ತಿದಳು. ತಂಗಿ ಮಾತ್ರ ಸೆರಗನ್ನು ಸೊಂಟಕ್ಕೆ ಸಿಗಿಸಿ, ಊಟದ ಹೊತ್ತು ಮೀರುವ ಮೊದಲೇ ಜೋಳದ ಮಂಡಿ ತಲುಪುವಂತೆ ಬಿರಬಿರನೆ ನಡೆದಳು.