ಮೂರು ಬಡಿತದ ಕಲ್ಲು

ಬನಹಟ್ಟಿಯಲ್ಲಿ ಅಂದು ಮಧ್ಯಾಹ್ನವೇ ಮಳೆ ಹಿಡಿದಿತ್ತು. ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಮಾಂತೇಶ, ಅವನ ಹೆಂಡತಿ ಕಾಂಚನಾ ಮತ್ತು ನಾನು ಪಕ್ಕದ ಗಿರಿಮಲ್ಲಪ್ಪಜ್ಜನ ಪಡಸಾಲೆಗೆ ಹೋಗಿ ಕೂತೆವು. ಅಜ್ಜ ಒಂದು ಕಾಲಕ್ಕೆ ಬೀಳಗಿ ಕಡೆಯ ಕಲ್ಲಿನ ಖಣಿಯಲ್ಲಿ ದುಡಿದವನು. ಅವನ ಮನೆಗೆ ಹಂಚೂ ಇಲ್ಲ, ತಗಡೂ ಇಲ್ಲ. ಮೇಲೆಲ್ಲ ಕಪ್ಪು ಪದರುಗಲ್ಲಿನ ಹೊದಿಕೆ.

ಚಹಾ ಕುಡಿಯುತ್ತಿದ್ದಾಗ ಮೇಲಿನಿಂದ ಟಕ್, ಟಕ್, ಟಕ್ ಎಂದಿತು. ಅದು ಮಳೆಹನಿಯ ಸದ್ದಾಗಿರಲಿಲ್ಲ. ಅಜ್ಜ ನಮ್ಮ ಒಬ್ಬೊಬ್ಬರ ಕೈಯನ್ನೂ ಸಂಶಯದಿಂದ ನೋಡಿದ.

"ಯಾರಲೇ ಬಡದಾಂವ? ಮಾಂತ್ಯಾ, ಕೈ ತೋರಸ... ಕಾಂಚನಾ, ನೀ ಏನರ ತಿರುಗಿ ಬಡದಿ ಏನವಾ? ಇಲ್ಲಾ? ಛಲೋ ಆತು. ಬಡೀಬ್ಯಾಡ್ರಿ, ದೇವರಾಣಿ ಬಡೀಬ್ಯಾಡ್ರಿ. ಯಾಕಂತೀರೇನು? ಕೇಳ್ರಿ ಹಂಗಾರ...

"ಐವತ್ತ ವರ್ಷದ ಮಾತು. ಈ ಪದರಗಲ್ಲ ಐತಲ್ಲ, ಇದನ್ನ ನೆಲದಿಂದ ತಗದಕೂಡ್ಲೆ ಹಸೀ ಇದ್ದಾಗನ ಸೀಳಬೇಕು. ಬಿಸಲಿಗಿ ಒಣಗಿತಂದ್ರ ಮುಗೀತು, ಉಳಿ ಇಟ್ಟಲ್ಲಿ ಸೀಳೂದಿಲ್ಲ, ಚೂರ ಚೂರ ಆಕ್ಕೈತಿ. ಅದಕ್ಕ ಖಣಿಯಾಗ ಯಾವಾಗ್ಲೂ ಅವಸರ. ಬುಡದಾಗ ಒಬ್ಬಾಂವ ಕೊರೀತಿದ್ದ, ಮ್ಯಾಲ ಒಬ್ಬಾಂವ ಕಲ್ಲ ಬಿಡಸಾಕ ಸಂದಿನ್ಯಾಗ ಬೆಣಿ ಹೊಡೀತಿದ್ದ. ಕಲ್ಲ ಕೆಡವೂ ಕಡೀ ಬೆಣಿಕಿಂತ ಮೊದಲ ಮ್ಯಾಲಿನಾಂವ ಸುತ್ತಿಗಿಲೆ ಮೂರ ಸಲ ಬಡೀಬೇಕು. ತೆಳಗಿನಾಂವ ಹೊರಗ ಬಂದು, ಹಾರಿಲೆ ತಿರುಗಿ ಮೂರ ಸಲ ಬಡೀಬೇಕು. ಅಂದ್ರ, 'ನಾ ಸರದೇನಿ, ಕೆಡವು' ಅಂತ.

"ಅವತ್ತ ಮ್ಯಾಲ ಶಂಕರೆಪ್ಪ, ತೆಳಗ ನನ್ನ ಖಾಸ ಗೆಳ್ಯಾ ಶಿವಪುತ್ರ. ಶಂಕರೆಪ್ಪ ಮೂರ ಬಡದಾ... ತೆಳಗಿಂದ ಮೂರ ಬಂತು. ಬೆಣಿ ಹೊಡದಾ. ಕಲ್ಲ ಬಿತ್ತು. ಶಿವಪುತ್ರ ಅದರ ತೆಳಗನ ಇದ್ದಾ!

"ಮಂದಿ ಏನಂದ್ರು? ಶಂಕರೆಪ್ಪ ಸುಳ್ಳ ಹೇಳತಾನ, ಬೇಕಂತನ ಕೆಡವ್ಯಾನ ಅಂದ್ರು. ಮುಂದ ಅವನ ಜೋಡಿ ಯಾರೂ ಕೆಲಸಕ್ಕ ಇಳೀಲಿಲ್ಲ. 'ಬಡದದ್ದು ನಾ ಕೇಳೇನ್ರೆಪಾ' ಅನಕೋತನ ಹ್ವಾದ ವರ್ಷ ರನ್ನ ಬೆಳಗಲಿ ಊರಾಗ ಸತ್ತಾ. ಖರೆ ಕೇಳಿದ್ದಾ ಅಂವಾ... ನನಗ ಹೆಂಗ ಗೊತ್ತಂತೀರಿ?"

ಮಾಂತೇಶ ಮೆಲ್ಲಗೆ ಕೇಳಿದ, "ಮತ್ತ ಬಡದಾವ್ರ ಯಾರ, ಅಜ್ಜಾ?"

"ನಾ ಖಣಿ ಬಾಯಾಗ ನಿಂತಿದ್ನಿ. ಶಿವಪುತ್ರ ಹೊರಗ ಬಂದದ್ದ ನೋಡಿದ್ನಿ. ಮರತ ಬಂದ ಉಳಿ ತರಾಕ ಮತ್ತ ಒಳಗ ಹೋದದ್ದ ನೋಡ್ಲಿಲ್ಲ. ಬಿಸಲ ಏರಾಕತ್ತಿತ್ತು, ಕಲ್ಲ ಒಣಗತೈತಿ ಅಂತ ನನ್ನ ಹಾರಿಲೆ ನಾನ ಮೂರ ಸಲ ಬಡದಬಿಟ್ನಿ. ಅವನ ಕೆಲಸ ಅದು, ನಂದಲ್ಲ! ಐವತ್ತ ವರ್ಷ ಬಾಯಿ ಬಿಡಲಿಲ್ಲ ನಾ, ಹೇಡಿ! ಆಮ್ಯಾಲ ಶಿವಪುತ್ರನ್ನ ಕೊಂದ ಆ ಕಲ್ಲ ಯಾರೂ ಒಲ್ಲೆ ಅಂದ್ರು. ಸುಮ್ನ ಸಿಗತೈತಿ ಅಂತ ನಾನ ಸೀಳಿ ತಂದ ಈ ಮನಿಗಿ ಹೊದಿಸಿದ್ನಿ."

ಮತ್ತೆ ಟಕ್, ಟಕ್, ಟಕ್. ಕಾಂಚನಾ ಗಂಡನ ತೋಳು ಹಿಡಿದಳು. ಅಜ್ಜ ಮೂಲೆಯಲ್ಲಿದ್ದ ಹಳೆಯ ಹಾರೆಯನ್ನು ಹತ್ತಿರ ಎಳೆದುಕೊಂಡ.

"ಮೊದಲ ಶಿವಪುತ್ರ ವರ್ಷಕ್ಕೊಮ್ಮೆ ಹಿಂಗ ಬಡದ ಕೇಳತಿದ್ದಾ, 'ಸರದೀ?' ಅಂತ. ಶಂಕರೆಪ್ಪ ಸತ್ತ ಮ್ಯಾಲ ಮಳಿ ಬಂದಾಗೆಲ್ಲಾ ಕೇಳತಾನ. ನನ್ನ ಉತ್ತರಕ್ಕ ಕಾಯಾಕತ್ತಾನ... ಏಳ್ರಿ, ಮೂರೂ ಮಂದಿ ಹೊರಗ ನಡೀರಿ. ಶಂಕರೆಪ್ಪನ ಮನಿಗಿ ಹೋಗಿ ಈ ಮಾತ ಮುಟ್ಟಸ್ರಿ. ಏ ಕಾಂಚನಾ, ಲಗೂ ನಡಿಯವಾ... ಈ ಸಲ ಒಳಗ ನಾ ಒಬ್ಬನ ಅದೇನಂತ ನೋಡೇ ಬಡೀತೇನಿ."