ಮಾವನಿಲ್ಲದ ಮಿಂಚುಗಾರ

‘ಮಿಂಚುಗಾರ’ ಸಿನಿಮಾ ಬಿಟ್ಟ ಮೇಲೆ ಬಸ್ಸಿಗಾಗಿ ನಿಂತಿದ್ದೆ. ನನ್ನ ಮುಂದೆ ಒಬ್ಬ ಟೇಲರ್ ಮತ್ತು ಅವನ ಅಕ್ಕನ ಮಗಳು, ಪುಟ್ಟ ಹುಡುಗಿ. ಕೊರಳಿನ ಅಳತೆಪಟ್ಟಿ ತೆಗೆದಿಡಲು ಅವನು ಮರೆತಿದ್ದ.

“ಮಾವ, ನೀನು ಓದಿ ಹೇಳಿದ ಪುಸ್ತಕದಲ್ಲಿ ಮಿಂಚುಗಾರನಿಗೆ ಶಕ್ತಿ ಬಂದಿದ್ದು ಸಿಡಿಲು ಬಡಿದು ಅಲ್ವಾ?”

“ಹ್ಞೂಂ. ಅವನನ್ನ ಸಾಕಿದ ಸೋದರಮಾವನ ಮನೆ ಸೋರ್ತಿತ್ತು, ಸರಿಮಾಡೋಕೆ ಚಾವಣಿ ಹತ್ತಿದ್ದ.”

“ಸಿನಿಮಾದಲ್ಲಿ ಅವರಪ್ಪ ವಿಜ್ಞಾನಿ. ಮಗು ಇದ್ದಾಗಲೇ ಸೂಜಿ ಚುಚ್ಚಿಬಿಟ್ಟ. ಯಾಕೆ ಬದಲಾಯಿಸಿದ್ರು?”

“ಸಿಡಿಲು ಬಡಿದ್ರೆ ಸಾಯ್ತಾರೆ. ಈಗಿನವರು ನಂಬಲ್ಲ.”

“ಸೂಜಿ ಚುಚ್ಚಿದ್ರೆ ಹಾರ್ತಾರಾ?”

ಟೇಲರ್ ನಕ್ಕ.

“ಸರಿ, ಮಾವನ್ನ ಯಾಕೆ ತೆಗೆದ್ರು?”

“ಬಟ್ಟೆ ಸಾಲದೆ ಬಂದ್ರೆ ಒಳಜೇಬು ಕೈಬಿಡ್ತೀವಲ್ಲ, ಹಾಗೆ.”

“ಹಾಗಾದ್ರೆ ಅಪ್ಪ ಅಮ್ಮ ಸತ್ತ ಮೇಲೆ ಅವನಿಗೆ ಅನ್ನ ಹಾಕಿದ್ದು ಯಾರು?”

“ತೋರಿಸಲಿಲ್ಲ, ಪುಟ್ಟಿ.”

“ಶಾಲೆಗೆ ಕಳಿಸಿದ್ದು? ಜ್ವರ ಬಂದಾಗ ಪಕ್ಕದಲ್ಲಿ ಕೂತಿದ್ದು?”

ಅವನು ಬಗ್ಗಿ ಅವಳ ಜಡೆಯ ರಿಬ್ಬನ್ ಬಿಗಿದ.

“ನನ್ನ ಕತೆ ಸಿನಿಮಾ ಮಾಡಿದ್ರೆ ನಿನ್ನನ್ನ ತೆಗೆಯೋಕೆ ಬಿಡಲ್ಲಪ್ಪ.”

“ನನ್ನ ಪಾತ್ರ ಯಾರು ಮಾಡ್ತಾರೆ?”

“ನೀನೇ. ಜಡೆ ಇಷ್ಟು ಸೊಟ್ಟ ಹಾಕೋಕೆ ಬೇರೆ ಯಾರಿಗೆ ಬರುತ್ತೆ?”

ಬಸ್ಸು ಬಂತು. ಅವಳನ್ನು ಮೊದಲು ಹತ್ತಿಸಿ, ನಗುತ್ತಲೇ ಕಣ್ಣೊರೆಸಿಕೊಂಡು ಅವನೂ ಹತ್ತಿದ.